ಟಿಫಿನ್ ಡಬ್ಬಿಯ ಮೇಲಿನ ಜಾಮೀನು

ನನ್ನ ರುಜು ಬಹಳ ಚೆನ್ನಾಗಿದೆ. ನಾನಾಗಿ ಹೇಳುತ್ತಿಲ್ಲ, ಭದ್ರಾವತಿ ಕಾರ್ಖಾನೆಯಲ್ಲಿ ನನ್ನ ಜೊತೆ ಕೆಲಸ ಮಾಡಿದವರೆಲ್ಲ ಹೇಳಿದ್ದಾರೆ, ಅದೂ ಸಾಲದ ಅರ್ಜಿ ಕೈಯಲ್ಲಿ ಹಿಡಿದುಕೊಂಡು.

ಶಿವಮೊಗ್ಗದಿಂದ ನಾವೆಲ್ಲ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದೆವು. ಯಾರಿಗೋ ಫ್ರಿಜ್ಜು, ಯಾರಿಗೋ ಸ್ಕೂಟರು, ಇನ್ಯಾರಿಗೋ ತಂಗಿಯ ಮದುವೆ. "ಒಂದು ಜಾಮೀನು ಹಾಕು ಮಾರಾಯ" ಅಂತ ಕಾರ್ಖಾನೆಯ ಸೊಸೈಟಿ ಸಾಲದ ಅರ್ಜಿ ಬರುತ್ತಿತ್ತು. ಟಿಫಿನ್ ಡಬ್ಬಿಯ ಮೇಲಿಟ್ಟುಕೊಂಡರೆ ಮಲವಗೊಪ್ಪ ದಾಟುವುದರೊಳಗೆ ರುಜು ಮುಗಿದಿರುತ್ತಿತ್ತು. ಓದುತ್ತ ಕೂತರೆ ಗೆಳೆಯನನ್ನು ಅನುಮಾನಿಸಿದ ಹಾಗೆ. ಜಾಮೀನು ಅಂದರೆ ನಮಗೆ ಎಲೆ ಅಡಿಕೆ ಕೊಟ್ಟಷ್ಟೇ ಸಲೀಸು.

ಶಿವಮೊಗ್ಗದ ಗೋಪಾಳ ಬಡಾವಣೆಯಲ್ಲಿ ನಮ್ಮ ಮನೆಗೆ ಗೋಡೆ ಎದ್ದಿತ್ತು, ತಾರಸಿಗೆ ದುಡ್ಡಿರಲಿಲ್ಲ. ರವೀಂದ್ರನಗರದ ಬಾಡಿಗೆ ಮನೆ ಖಾಲಿ ಮಾಡಿ ಅಂತ ಓನರ್ ಬೇರೆ ಹೇಳಿಯಾಗಿತ್ತು. ಬ್ಯಾಂಕಿಗೆ ಹೋದೆ. ನಮ್ಮ ಕಾರ್ಖಾನೆಯ ಸೊಸೈಟಿಯಿಂದ ತಂದ ಕಾಗದ ನೋಡಿ ಮ್ಯಾನೇಜರು, "ನಿಮಗೆ ಆಗಲೇ ಬೇಕಾದಷ್ಟು ಸಾಲ ಇದೆಯಲ್ಲ ಸಾರ್" ಅಂದರು.

"ನಾನು ಒಂದು ಪೈಸೆ ಸಾಲ ಮಾಡಿದವನಲ್ಲ."

"ಜಾಮೀನು ಹಾಕಿದ್ದೀರಲ್ಲ. ಈಗ ಹೊಸ ನಿಯಮ ಬಂದಿದೆ. ಅದನ್ನೂ ನಿಮ್ಮ ಸಾಲದ ಲೆಕ್ಕಕ್ಕೇ ಹಿಡೀಬೇಕು."

ಯಾರದೋ ಫ್ರಿಜ್ಜಿನ ತಣ್ಣೀರು ನಾನು ಕುಡಿದವನಲ್ಲ. ಯಾರದೋ ತಂಗಿಯ ಮದುವೆಯಲ್ಲಿ ಉಂಡಿದ್ದೇನೆ, ಅದು ಬೇರೆ ಮಾತು. ಅದೆಲ್ಲ ನನ್ನ ಸಾಲವೇ? ಎಲ್ಲೋ ಕೂತು ನಿಯಮ ಬರೆದ ಪುಣ್ಯಾತ್ಮ ನಮ್ಮ ಬಸ್ಸು ಹತ್ತಿದವನೇ ಅಲ್ಲ ಅಂತ ಸಿಟ್ಟು ಬಂತು. ಮನೆ ಸೇರುವಷ್ಟರಲ್ಲಿ ಸಿಟ್ಟಿಳಿದು ಗಾಬರಿ ಹತ್ತಿತು. ಅವರಲ್ಲಿ ಯಾರು ಕಂತು ತಪ್ಪಿಸಿದರೂ ಕತ್ತರಿ ಬೀಳುವುದು ನನ್ನ ಸಂಬಳಕ್ಕೆ. ಇಷ್ಟು ವರ್ಷ ನಾನು ಹೇಗೆ ನಿದ್ದೆ ಮಾಡಿದೆನೋ.

ನನ್ನ ಹೆಂಡತಿ ಶಾರದ ಪ್ರೈಮರಿ ಸ್ಕೂಲ್ ಮೇಡಂ. ಎಲ್ಲ ಕೇಳಿಸಿಕೊಂಡು, "ನನ್ನ ಹೆಸರಲ್ಲಿ ತಗೊಳ್ಳೋಣ. ನನ್ನ ರುಜು ಇದುವರೆಗೆ ಯಾರೂ ಕೇಳಿಲ್ಲ" ಅಂದಳು. ಸೈಟು ಅವಳಪ್ಪ ಕೊಡಿಸಿದ್ದು, ಅವಳ ಹೆಸರಲ್ಲೇ ಇತ್ತು. ಸಾಲ ಮಾತ್ರ ಗಂಡಸೇ ಮಾಡಬೇಕು ಅಂತ ನನ್ನ ತಲೆಯಲ್ಲಿತ್ತು.

ಬ್ಯಾಂಕಿನಲ್ಲಿ ಅವಳು ಮಕ್ಕಳ ಕಾಪಿ ತಿದ್ದುವ ಹಾಗೆ ಪ್ರತಿ ಪುಟವನ್ನೂ ಓದಿದಳು. ಮ್ಯಾನೇಜರು ಗಡಿಯಾರ ನೋಡಿದರು, ನಾನು ನೆಲ ನೋಡಿದೆ. ಕೊನೆಗೆ ನಾನೇ ಜಾಮೀನು ಹಾಕೋಣ ಅಂತ ಪೆನ್ನು ತೆಗೆದರೆ, "ನಿಮ್ಮದು ನಡೆಯೋದಿಲ್ಲ ಸಾರ್" ಅಂದುಬಿಟ್ಟರು. ಅವಳ ಹೆಡ್‌ಮೇಡಂ ಬಂದು ಹಾಕಿದರು.

ತಾರಸಿ ಹಾಕಿಸಿ ಹೊಸ ಮನೆಗೆ ಬಂದೆವು. ಒಂದು ಭಾನುವಾರ ಬಸ್ಸಿನ ಗೆಳೆಯ ಇಸ್ಮಾಯಿಲ್ ಬಂದು ಜೇಬಿನಿಂದ ಅರ್ಜಿ ತೆಗೆದ. ನನ್ನ ಕೈ ತಾನಾಗಿ ಪೆನ್ನಿಗೆ ಹೋಯಿತು. ಅವನು ನನ್ನನ್ನು ದಾಟಿಕೊಂಡು ಹೋಗಿ, "ಅಕ್ಕಾ, ಒಂದು ಜಾಮೀನು" ಅಂತ ಶಾರದಳ ಮುಂದೆ ಹಿಡಿದ.

"ಕೂತ್ಕೊಳ್ಳಿ. ಈಗ ಎಷ್ಟು ಕಂತು ಕಟ್ತಿದ್ದೀರಿ?"

ಅವನು ತಲೆ ತಗ್ಗಿಸಿ ಒಂದೊಂದಾಗಿ ಹೇಳಿದ. ಸಂಬಳದಲ್ಲಿ ಅವನ ಮನೆಗೆ ಉಳಿಯುತ್ತಿದ್ದ ಪುಡಿಗಾಸು ಕೇಳಿ ನಾನು ದಂಗಾಗಿ ಹೋದೆ. ಅವನ ಅರ್ಧಕ್ಕರ್ಧ ಸಾಲಗಳಿಗೆ ಜಾಮೀನುದಾರ ನಾನೇ.

"ಇದನ್ನೆಲ್ಲ ಯಾರ ಹತ್ರಾನೂ ಹೇಳ್ಕೊಂಡಿಲ್ವಾ?" ಅಂದಳು.

"ಯಾರೂ ಕೇಳಿಲ್ಲ ಅಕ್ಕಾ" ಅಂದ ಇಸ್ಮಾಯಿಲ್, ಅರ್ಜಿಯನ್ನು ತಾನೇ ಮಡಚಿ ಜೇಬಿಗಿಟ್ಟುಕೊಳ್ಳುತ್ತ.

ಹತ್ತು ವರ್ಷ ಅವನ ಪಕ್ಕದಲ್ಲೇ ಕೂತು ಹೋದವನು ನಾನು. ಕಾಫಿ ಮಾಡಲು ಒಳಗೆ ಎದ್ದು ಹೋದೆ.