ಜಿಗಿಯಲು ಬಾರದ ಕಪ್ಪೆ

ಮೊನ್ನೆ ರವಿವಾರ ಬೆಳಿಗ್ಗೆ ಅವಲಕ್ಕಿ ತೊಳೆಯುತ್ತಿದ್ದಾಗ ಹೊರಗಿನ ಕೋಣೆಯಿಂದ ‘ಟುಂಯ್’ ಎಂಬ ಸದ್ದು ಕೇಳಿಸಿತು. ಇಷ್ಟು ವರ್ಷಗಳ ಮೇಲೂ ಅದನ್ನು ಥಟ್ಟನೆ ಗುರುತು ಹಿಡಿದೆ. ಕಪ್ಪೆ ನೀರಿಗೆ ಬಿದ್ದು ಸಾಯುವ ಸದ್ದು ಅದು. ಕಪ್ಪೆ ಎಲ್ಲಾದರೂ ನೀರಿಗೆ ಬಿದ್ದು ಸಾಯುತ್ತದೆಯೇ ಎಂದು ನೀವು ಕೇಳಬಹುದು. ನಮ್ಮ ಚಿಕ್ಕಂದಿನ ಆ ವಿಡಿಯೊ ಆಟದಲ್ಲಿ ಸಾಯುತ್ತಿತ್ತು.

“ಮಮ್ಮಿ, ಈ ಗೇಮ್ ಏಕ್‌ದಂ ಬೇಕಾರ್ ಇದೆ. ಜಂಪೇ ಆಗ್ತಾ ಇಲ್ಲ,” ಎಂದಳು ಮಗಳು, ಮೊಬೈಲಿನಿಂದ ಕಣ್ಣೆತ್ತದೆ. ಹಳೆಯ ಆಟಗಳನ್ನೆಲ್ಲ ಹುಡುಕಿ ಆಡುವುದು ಅವಳ ಈಚಿನ ಹುಚ್ಚು.

ನಾನೂ ಅಣ್ಣನೂ ಚಿಕ್ಕವರಿದ್ದಾಗ ಟಿವಿಯಲ್ಲಿ ಒಂದು ಕಾರ್ಟೂನು ಬರುತ್ತಿತ್ತು. ಕೆಂಪು ಹೆಲ್ಮೆಟ್ ಹಾಕಿಕೊಂಡ ಕಪ್ಪೆಯೊಂದು ಬಿಲ್ಡಿಂಗಿನಿಂದ ಬಿಲ್ಡಿಂಗಿಗೆ ಜಿಗಿಯುತ್ತ ಹೋಗಿ ಬೆಂಕಿ ಆರಿಸುತ್ತಿತ್ತು. ಅದು ಬರುವ ಹೊತ್ತಿಗೆ ಮುಂಬೈಯ ವಡಾಲದ ನಮ್ಮ ಕಾಲನಿಯಲ್ಲಿ ಕ್ರಿಕೆಟ್ಟೂ ನಿಲ್ಲುತ್ತಿತ್ತು. ಹಾಗಾಗಿ ಅಪ್ಪ ವಿಡಿಯೊ ಗೇಮ್ ತಂದ ದಿನ, ಅದರ ಕ್ಯಾಸೆಟ್ಟಿನ ಮೇಲೆ ಅದೇ ಕಪ್ಪೆಯ ಚಿತ್ರ ಕಂಡು ನಾವು ಕುಣಿದಾಡಿದ್ದರಲ್ಲಿ ಆಶ್ಚರ್ಯವಿಲ್ಲ.

ಆ ಕುಣಿತ ಸಂಜೆಯವರೆಗೂ ಉಳಿಯಲಿಲ್ಲ. ಬಟನ್ ಒತ್ತಿದರೆ ಕಪ್ಪೆ ಸ್ವಲ್ಪ ಯೋಚನೆ ಮಾಡಿ ಆಮೇಲೆ ಜಿಗಿಯುತ್ತಿತ್ತು. ಮೂರನೆಯ ಹಂತದಲ್ಲಿ ಉರಿಯುವ ಸೇತುವೆಯೊಂದು ಇತ್ತು. ಕಪ್ಪೆ ಯೋಚನೆ ಮುಗಿಸುವಷ್ಟರಲ್ಲಿ ಅದರ ಕಾಲ ಕೆಳಗಿನ ಹಲಗೆ ಕಳಚಿ ನದಿಗೆ ಬೀಳುತ್ತಿತ್ತು. ಟುಂಯ್. ಜೀವಗಳೆಲ್ಲ ಮುಗಿದರೆ ಮತ್ತೆ ಮೊದಲಿನಿಂದ ಶುರು. ನಾವು ಕ್ಯಾಸೆಟ್ ತೆಗೆದು ಬಾಯಿಂದ ಗಾಳಿ ಊದಿ ಮತ್ತೆ ಸಿಕ್ಕಿಸುತ್ತಿದ್ದೆವು. ಊದಿದರೆ ಕಪ್ಪೆಗೆ ಬುದ್ಧಿ ಬಂದೀತೆಂದು ನಾನಂತೂ ಪೂರ್ತಿ ನಂಬಿದ್ದೆ.

ಅದೇ ಮಳೆಗಾಲದಲ್ಲಿ ಅವ್ವ ಬಿಲ್ಡಿಂಗಿನ ಒದ್ದೆ ಮೆಟ್ಟಿಲ ಮೇಲೆ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಪ್ಲಾಸ್ಟರ್ ಬಿಚ್ಚಿದಾಗ ಬೆರಳುಗಳು ಕಟ್ಟಿಗೆಯಾಗಿದ್ದವು. ಈಗ ಆಡಿಸದಿದ್ದರೆ ಹೀಗೇ ಉಳಿಯುತ್ತವೆ ಎಂದು ಡಾಕ್ಟರು ರಬ್ಬರಿನ ಚೆಂಡು ಕೊಟ್ಟು ಹಿಸುಕಲು ಹೇಳಿದರು. ಅವ್ವ ಒಮ್ಮೆ ಹಿಸುಕಿ, ನೋವಿಗೆ ಕಣ್ಣೀರು ತಂದುಕೊಂಡು, ಚೆಂಡನ್ನು ಪಲ್ಲಂಗದ ಕೆಳಗೆ ಉರುಳಿಸಿಬಿಟ್ಟಳು. ಮನೆಯಲ್ಲಿ ಜೋಳದ ರೊಟ್ಟಿಯ ಸಪ್ಪಳ ನಿಂತಿತು. ಅಪ್ಪ ದಿನವೂ ಅನ್ನ ಕುದಿಸುತ್ತಿದ್ದರು, ಅದು ದಿನವೂ ಮುದ್ದೆಯಾಗುತ್ತಿತ್ತು.

“ಒಂದೆರಡು ತಿಂಗಳು ತವರುಮನಿಗೆ ಹೋಗಿ ಇದ್ದು ಬಾ. ನಿಮ್ಮವ್ವ ನೋಡ್ಕೋತಾಳ. ಹುಡುಗ್ರನ್ನ ನಾ ಹೆಂಗರ ಸಂಭಾಳಸ್ತೀನಿ,” ಎಂದರು ಅಪ್ಪ. ತವರೆಂದರೆ ವಿಜಯಪುರದ ಹತ್ತಿರದ ಹಳ್ಳಿ.

“ಕೈ ನೆಟ್ಟಗಾದ ಮ್ಯಾಲ ಹೋಗ್ತೀನಿ,” ಎಂದಳು ಅವ್ವ.

ಕೈ ನೆಟ್ಟಗಾಗಲೆಂದೇ ಹೋಗು ಎನ್ನುತ್ತಿರುವಾಗ ಇದೆಂಥ ಉತ್ತರವೆಂದು ಅಪ್ಪನಿಗೆ ತಿಳಿಯಲಿಲ್ಲ.

ಅವಳ ಕೈಗೆ ಆಟದ ರಿಮೋಟು ಕೊಟ್ಟವನು ಅಣ್ಣ. “ಅವ್ವಾ, ಒಂದ್ ಸಲ ಆಡಿ ನೋಡು. ಬಟನ್ ಭಾಳ ಮೆತ್ತಗದಾವು.”

“ನನಗ್ಯಾಕೋ ಇದು? ಬಾಜೂಮನಿ ಮರಾಠಿ ಬಾಯಿ ನೋಡಿದ್ರ ನಗ್ತಾಳ.”

ನಾನು ಬಾಗಿಲು ಹಾಕಿ ಬಂದೆ. ಅವ್ವ ಸೆರಗು ಸರಿಮಾಡಿಕೊಂಡು, ಹಪ್ಪಳದ ಲಟ್ಟಣಿಗೆ ಹಿಡಿದಂತೆ ಅದನ್ನು ಹಿಡಿದು ಕುಳಿತಳು. ಕಪ್ಪೆ ಮೊದಲ ಹೊಂಡಕ್ಕೇ ಬಿತ್ತು. ಮತ್ತೆ ಬಿತ್ತು.

“ಕಪ್ಪಿ ಆಗಿ ಜಿಗ್ಯಾಕ ಬರಂಗಿಲ್ಲಂದ್ರ ಇದೆಂಥಾ ಕಪ್ಪಿನೋ!”

ಆ ಸಿಟ್ಟೇ ಅವಳನ್ನು ಹಿಡಿಯಿತು. ನಾವು ಸಾಲೆಯಿಂದ ಬರುವಷ್ಟರಲ್ಲಿ ಟಿವಿಯ ಮುಂದೆ ಚಾಪೆ ಹಾಸಿರುತ್ತಿತ್ತು. ‘ನಿನ್ನ ಹೆಣಾ ಎತ್ಲಿ, ಹಾರೋ’ ಎಂದು ಬೈಯುತ್ತ, ಹೆಬ್ಬೆರಳು ಒತ್ತುತ್ತ, ನೋವನ್ನು ಮರೆತೇಬಿಡುತ್ತಿದ್ದಳು. ಅವಳು ಜೀವ ಕಳೆದಾಗಲೆಲ್ಲ ಅಣ್ಣ ತಲೆ ಚಚ್ಚಿಕೊಳ್ಳುತ್ತಿದ್ದ, ನನ್ನ ಸರದಿ ಯಾವಾಗೆಂದು ನಾನು ಅಳುತ್ತಿದ್ದೆ. ಒಂದು ದಿನ ಅಪ್ಪ ಬೇಗ ಬಂದರು. ಬಾಗಿಲಲ್ಲಿ ಚೀಲ ಹಿಡಿದೇ ನಿಂತು ನೋಡಿದರು. ಬೈಯುತ್ತಾರೇನೋ ಎಂದುಕೊಂಡೆವು. ಅವರು ಬೂಟು ಕಳಚುತ್ತ, “ಒತ್ತು, ಒತ್ತು, ಈಗ ಒತ್ತು,” ಎಂದರು.

ಸೇತುವೆಯನ್ನು ಅವ್ವ ಒಂದೇ ಒಂದು ಸಲ ದಾಟಿದಳು, ಒಂದು ಮಧ್ಯಾಹ್ನ. ಅಣ್ಣ ಕಿರುಚಿದ, ಕಿರುಚಿ ಕುಣಿದ, ಕುಣಿತದಲ್ಲಿ ವೈರು ಕಾಲಿಗೆ ಸಿಕ್ಕಿ ಆಟವೆಲ್ಲ ಆರಿಹೋಯಿತು. ಮತ್ತೆ ಯಾರೋ ಜಾರಿ ಬಿದ್ದರೆಂದು ಪಕ್ಕದ ಮನೆಯ ಮರಾಠಿ ಬಾಯಿ ಏನಾಯಿತೆಂದು ಗಾಬರಿಯಿಂದ “ಕಾಯ್ ಝಾಲಂ?” ಎನ್ನುತ್ತ ಓಡಿಬಂದರು. ಅವ್ವ ಬಲಗೈಯಿಂದ ಸೆರಗು ಮುದ್ದೆ ಮಾಡಿ ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಆ ಬೆರಳುಗಳು ಮಡಚಿರುವುದನ್ನು ಮೊದಲು ಕಂಡವರು ಆ ಪಕ್ಕದ ಮನೆಯವರೇ.

ಕೆಲವು ದಿನಗಳಲ್ಲಿ ಅವ್ವ ರೊಟ್ಟಿ ಬಡಿದಳು. ದಪ್ಪ, ಅಂಚೆಲ್ಲ ಬಿರುಕು. ಅಪ್ಪ ತಿಂದು, “ಇನ್ನೊಂದು ಹಾಕು,” ಎಂದರು. ತವರಿನ ಮಾತು ಮತ್ತೆ ಬರಲಿಲ್ಲ.

ಇಷ್ಟನ್ನೂ ಮಗಳಿಗೆ ಹೇಳಿ, ಉತ್ಸಾಹ ತಡೆಯದೆ ಅವ್ವನಿಗೆ ಫೋನು ಮಾಡಿದೆ. ಅವಳು ಈಗಲೂ ವಡಾಲದಲ್ಲೇ, ಅಣ್ಣನ ಸಂಸಾರದ ಜೊತೆ ಇದ್ದಾಳೆ.

“ಅವ್ವಾ, ನಮ್ಮಿಂದಾನ ಅಲ್ಲೇನು ನಿನ್ನ ಕೈ ನೆಟ್ಟಗಾಗಿದ್ದು?” ಎಂದು ಜಂಬ ಕೊಚ್ಚಿದೆ.

“ಕೈ ಏನ, ಊರಿಗೆ ಹೋಗಿದ್ರೂ ನೆಟ್ಟಗಾಗ್ತಿತ್ತು. ನಮ್ಮವ್ವ ದಿನಾ ಎಣ್ಣಿ ಹಚ್ಚಿ ತಿಕ್ಕತಿದ್ಲು,” ಎಂದಳು. ಆಮೇಲೆ, “ಆವಾಗ ಈ ಮುಂಬೈ ನನಗ ಒಟ್ಟ ಸೇರ್ತಿದ್ದಿಲ್ಲ. ಒಮ್ಮೆ ಹೋದ್ನೆಂದ್ರ ತಿರುಗಿ ಬರಾಕ ಮನಸ್ಸು ಆಗಂಗಿಲ್ಲ ಅಂತ ಗೊತ್ತಿತ್ತು. ನೀವಿಬ್ರೂ ಸಣ್ಣವರು. ಅದಕ್ಕ ಹೋಗ್ಲಿಲ್ಲ,” ಎಂದಳು.

ಅವ್ವನಿಗೆ ಬೇರೆ ಯಾವುದಾದರೂ ಊರು ಬೇಕಾಗಿತ್ತೇನೋ ಎಂಬ ಯೋಚನೆಯೇ ನನಗೆ ಎಂದೂ ಬಂದಿರಲಿಲ್ಲ. ನಮ್ಮ ಮನೆಗೆ ಗೋಡೆ ಇದ್ದ ಹಾಗೆ ಅವಳು ಇದ್ದಳು, ಅಷ್ಟೆ.

ಮಧ್ಯಾಹ್ನ ಮಗಳನ್ನು ಕರೆದುಕೊಂಡು ಜೋಗೇಶ್ವರಿಯಲ್ಲಿ ಹಾರ್ಬರ್ ಲೋಕಲ್ ರೈಲು ಹಿಡಿದು ವಡಾಲಕ್ಕೆ ಹೋದೆ. ಬಾಗಿಲು ತೆರೆದವಳು ಅವ್ವನೇ. ನಾನು ಚಪ್ಪಲಿ ಬಿಡುವುದನ್ನೂ ಮರೆತು ಅವಳ ಮುಖವನ್ನೇ ನೋಡುತ್ತ ನಿಂತೆ.

“ಹಂಗ್ಯಾಕ ನೋಡಾಕ್ಹತ್ತಿ?” ಎಂದಳು ಅವ್ವ. “ಬಾ, ಒಳಗ ಬಾ.”