ಸುಂದರವ್ವನ ಆರನೆಯ ಡ್ರಮ್ಮು

ಮಳೆಗಾಲ ಹತ್ತಿತೆಂದರೆ ನಮ್ಮ ಓಣಿಯ ಸುಂದರವ್ವ ಬೆಳಗಿನ ಚಹಾಕ್ಕೂ ಮೊದಲು ನನ್ನ ಮನೆಯ ಕಟ್ಟೆಗೆ ಬಂದು ಕೂಡುತ್ತಾಳೆ. ಸಾಲಿಯ ಮೆಟ್ಟಿಲು ಹತ್ತಿದವಳಲ್ಲ, ಆದರೆ ಕೃಷ್ಣಾ ಹೊಳೆಯ ಕ್ಯೂಸೆಕ್ಕಿನ ವಿಷಯದಲ್ಲಿ ಆಕೆಯನ್ನು ಮೀರಿಸುವವರು ರಬಕವಿಯಲ್ಲಿ ಯಾರೂ ಇಲ್ಲ.

"ತಮ್ಮಾ, ಫೋನ ನೋಡು. ಕೊಯ್ನಾ ಡ್ಯಾಮಿನಿಂದ ನೀರ ಎಷ್ಟ ಬಿಟ್ಟಾರ?"

ನಾನು ಹೇಳುತ್ತೇನೆ.

"ಹಿಪ್ಪರಗಿ ಬ್ಯಾರೇಜಿಗಿ ಬಂದದ್ದೆಷ್ಟ, ಹೋಗಿದ್ದೆಷ್ಟ?"

ಅದನ್ನೂ ಹೇಳುತ್ತೇನೆ. ಆಕೆ ಬೆರಳು ಮಡಚಿ, ತುಟಿ ಆಡಿಸಿ, "ಅಂದ್ರ ಶನಿವಾರದ ಮಟಾ ಚಿಂತಿ ಇಲ್ಲ" ಎಂದು ಏಳುತ್ತಾಳೆ. ಚಿಂತೆ ಇಲ್ಲ ಎಂದವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಡಿಸುತ್ತಿರುತ್ತಾಳೆ.

ನಾನು ಅನಂತಪ್ಪ. ಬನಹಟ್ಟಿಯಲ್ಲಿ ಸಣ್ಣದೊಂದು ನೂಲಿನ ಅಂಗಡಿ, ರಬಕವಿಯ ಹೊಳೆ ಕಡೆಯ ಓಣಿಯಲ್ಲಿ ಮನೆ. ಸುಂದರವ್ವನ ಹಿತ್ತಲಿಗೂ ನಮ್ಮ ಹಿತ್ತಲಿಗೂ ನಡುವೆ ಮೊಣಕಾಲೆತ್ತರದ ಗೋಡೆ. ಗೋಡೆಯ ಆಚೆ ಆರು ನೀಲಿ ಡ್ರಮ್ಮುಗಳಲ್ಲಿ ಆರು ಅಂಜೂರದ ಗಿಡ. ಇದು ಆಕೆಯ ಕಥೆ, ಆದರೆ ನನ್ನ ಒಂದು ಸುಳ್ಳೂ ಇದರಲ್ಲಿ ಸೇರಿಕೊಂಡಿದೆ. ಅದನ್ನು ಬಿಟ್ಟು ಬರೆಯುವಷ್ಟು ಭಂಡತನ ನನಗೆ ಇನ್ನೂ ಬಂದಿಲ್ಲ.

ಸುಂದರವ್ವ ಬೀಳಗಿ ಕಡೆಯ ಒಂದು ಹೊಳೆದಂಡೆಯ ಹಳ್ಳಿಗೆ ಸೊಸೆಯಾಗಿ ಹೋದವಳು. ಬೀರೇಶ್ವರನ ಒಕ್ಕಲು, ಕುರಿ, ತುಸು ಹೊಲ. ಆ ಹಳ್ಳಿ ಈಗ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನ ತಳದಲ್ಲಿದೆ. ಊರು ಬಿಡುವಾಗ ಗಂಡ ಹುಲೆಪ್ಪ ಬಾಗಿಲು ಕಿತ್ತ, ಚೌಕಟ್ಟು ಕಿತ್ತ, ತೊಲೆ ಇಳಿಸಿದ, ಬೀಸುವ ಕಲ್ಲನ್ನೂ ಬಂಡಿಗೆ ಹಾಕಿದ. ಬಚ್ಚಲ ನೀರು ಹರಿಯುವಲ್ಲಿ ಬೆಳೆದಿದ್ದ ಅಂಜೂರದ ಗಿಡವನ್ನು ಮಾತ್ರ ಕೀಳಲು ಬರುವಂತಿರಲಿಲ್ಲ. ಸುಂದರವ್ವ ಹೆಬ್ಬೆರಳು ದಪ್ಪದ ಒಂದು ಟೊಂಗೆ ಕಡಿದು ಹಸಿ ಗೋಣಿತಟ್ಟಿನಲ್ಲಿ ಸುತ್ತಿಕೊಂಡಳು.

ಆಕೆಗೆ ಹೆದರಿಕೆ ಹುಟ್ಟಿದ್ದು ನೀರು ಬಂದದ್ದಕ್ಕಲ್ಲ, ಬಂದ ರೀತಿಗೆ. ಇದನ್ನು ನನಗೆ ಎಷ್ಟೋ ಸಲ ಹೇಳಿದ್ದಾಳೆ.

"ಹೊಳಿ ಏರಿದ್ರ ಇಳೀತೈತಿ ತಮ್ಮಾ. ಅದು ಹಾಂಗ ಅಲ್ಲ. ದಿನಾ ನಾಕ ಬಟ್ಟ ಬರತಿತ್ತು. ಸಪ್ಪಳಿಲ್ಲ, ಸೆಳವಿಲ್ಲ. ಬಂದದ್ದು ಹೋಗಲಿಲ್ಲ."

ದಿಬ್ಬದ ಮೇಲೆ ಹಾಕಿದ್ದ ತಗಡಿನ ಜೋಪಡಿಯಿಂದ ಒಂದು ತಿಂಗಳು ಆಕೆ ಆ ಗಿಡವನ್ನು ನೋಡಿದಳು. ಬುಡ ಮುಳುಗಿತು. ಕಾಯಿ ಹಣ್ಣಾದವು, ಕೀಳುವವರಿಲ್ಲದೆ ಹಕ್ಕಿಗಳು ತಿಂದವು. ಆಮೇಲೆ ಎಲೆ ಹಳದಿಯಾಗಿ ಒಂದೊಂದೇ ನೀರಿಗೆ ಬಿದ್ದು, ಬರೀ ಕೋಲು ನಿಂತಿತು. ಗಿಡ ಮುಳುಗಿ ಹೋಗಿದ್ದರೆ ಇಷ್ಟು ಅಂಜುತ್ತಿರಲಿಲ್ಲವಂತೆ. ನಿಂತಲ್ಲೇ ಸತ್ತದ್ದನ್ನು ನೋಡಿದ್ದಕ್ಕೆ ಈಗಲೂ ಮೈ ನಡುಗುತ್ತದೆ.

ಹುಲೆಪ್ಪ ಕುರಿ ಮಾರಿ ಮಗ್ಗದ ಕೆಲಸ ಹುಡುಕಿಕೊಂಡು ರಬಕವಿಗೆ ಬಂದ. ನೀರಿಗೆ ಅಂಜಿ ಬಂದವರಿಗೆ ಸಿಕ್ಕ ಮನೆಯೂ ಹೊಳೆಯ ದಂಡೆಗೇ. ಸುಂದರವ್ವ ಆ ದಿನವೇ ಒಂದು ಕಟ್ಟಳೆ ಮಾಡಿದಳು: ಈ ಮನೆಯಲ್ಲಿ ಯಾವುದನ್ನೂ ನೆಲಕ್ಕೆ ಹಚ್ಚುವುದಿಲ್ಲ. ತುಳಸಿ ಡಬ್ಬಿಯಲ್ಲಿ, ಕರಿಬೇವು ಬಣ್ಣದ ಬಕೀಟಿನಲ್ಲಿ, ಅಂಜೂರ ಡ್ರಮ್ಮಿನಲ್ಲಿ. ಹುಲೆಪ್ಪ ತೀರಿಕೊಂಡ ಮೇಲೂ, ಮಗ ಮಹಾಲಿಂಗ ಎರಡು ಪವರ್‌ಲೂಮು ಹಾಕಿ ಆ ಮನೆಯನ್ನೇ ಕೊಂಡ ಮೇಲೂ ಕಟ್ಟಳೆ ಬದಲಾಗಲಿಲ್ಲ. "ನೆಲಾ ನಮ್ಮದಲ್ಲ ತಮ್ಮಾ. ಡ್ರಮ್ಮ ನಮ್ಮದು," ಎನ್ನುತ್ತಿದ್ದಳು.

ಡ್ರಮ್ಮಿನಲ್ಲಿ ಗಿಡ ಸಾಕುವುದು ಸುಲಭವೆಂದು ನಾನೂ ತಿಳಿದಿದ್ದೆ. ಬಣ್ಣದ ಕಾರ್ಖಾನೆಯ ಡ್ರಮ್ಮನ್ನು ಕತ್ತರಿಸಿ, ತಳಕ್ಕೆ ತೂತು ಹಾಕಿ, ಒಂದು ಮಳೆಗಾಲ ಪೂರ್ತಿ ಹೊರಗೆ ತೊಳೆಯಲು ಬಿಡಬೇಕು. ನಮ್ಮ ಎರೆಮಣ್ಣು ಅದರಲ್ಲಿ ಇಟ್ಟಂಗಿಯಂತೆ ಗಟ್ಟಿಯಾಗುತ್ತದೆ. ಕೆಂಪು ಮಣ್ಣು, ಉಸುಕು, ಎರಡು ವರ್ಷ ಹಳೆಯ ಕುರಿಹಿಕ್ಕೆ ಬೇಕು. ಮೇ ತಿಂಗಳಲ್ಲಿ ಒಂದು ದಿನ ನೀರು ತಪ್ಪಿದರೆ ಕಾಯಿಯೆಲ್ಲ ಉದುರುತ್ತವೆ. ಮೂರು ವರ್ಷಕ್ಕೊಮ್ಮೆ, ಚಳಿಯಲ್ಲಿ ಎಲೆ ಉದುರಿದಾಗ, ಡ್ರಮ್ಮನ್ನು ಅಡ್ಡ ಕೆಡವಿ ಗಿಡವನ್ನು ಹೊರಗೆಳೆದು, ಸುತ್ತು ಹೊಡೆದ ಬೇರನ್ನು ನಾಲ್ಕು ಬೆರಳು ಕೊಯ್ದು ಹೊಸ ಮಣ್ಣು ತುಂಬಬೇಕು. ಹಸಿರೆಲೆ ಇದ್ದಾಗ ದೊಡ್ಡ ಬೇರಿಗೆ ಕೈ ಹಚ್ಚಿದರೆ ಗಿಡ ಎರಡು ದಿನದಲ್ಲಿ ಬಾಡುತ್ತದೆ. ಎಲ್ಲಕ್ಕಿಂತ ಮುಖ್ಯ, ತಿಂಗಳಿಗೊಮ್ಮೆ ಡ್ರಮ್ಮನ್ನು ಇಟ್ಟಂಗಿಯ ಮೇಲೆ ಕಾಲು ಸುತ್ತು ತಿರುವಬೇಕು. ಇಲ್ಲದಿದ್ದರೆ ತಳದ ತೂತಿನಿಂದ ಬೇರು ಇಳಿದು ನೆಲ ಹಿಡಿಯುತ್ತದೆ.

ಐದು ಡ್ರಮ್ಮುಗಳನ್ನು ಆಕೆ ಒಬ್ಬಳೇ ತಿರುವುತ್ತಿದ್ದಳು. ಆರನೆಯದು ಹಳೆಯ ಹಳ್ಳಿಯ ಟೊಂಗೆಯಿಂದ ಬೆಳೆದ ತಾಯಿಗಿಡ. ಅದಕ್ಕೆ ಹಾರೆ ಬೇಕು, ಇನ್ನೊಬ್ಬರು ಬೇಕು. ಆ ಇನ್ನೊಬ್ಬ ನಾನು. ಇಪ್ಪತ್ತು ವರ್ಷ ಹಾರೆ ಹಿಡಿದರೂ ಅದರ ಒಂದು ಹಣ್ಣು ತಿಂದವನಲ್ಲ. ನಾವು ಜೈನರು, ಅಂಜೂರದೊಳಗೆ ಕಣ್ಣಿಗೆ ಕಾಣದ ಜೀವ ಇರುತ್ತವೆಂದು ಮುಟ್ಟುವುದಿಲ್ಲ. "ತಿನ್ನದವನಿಗಿ ಇಷ್ಟ ದುಡಸಾಕತ್ತೇನಿ," ಎಂದು ಸುಂದರವ್ವ ನಗುತ್ತಿದ್ದಳು.

ಎರಡು ಸಾವಿರದ ಹತ್ತೊಂಬತ್ತರ ಮಹಾಪೂರದಲ್ಲಿ ಓಣಿಯ ಮಂದಿ ಟಿವಿ, ತಿಜೋರಿ ಹೊತ್ತುಕೊಂಡು ಓಡಿದಾಗ ಆಕೆ ಆರೂ ಡ್ರಮ್ಮುಗಳನ್ನು ಟೆಂಪೋಕ್ಕೆ ಹೇರಿಸಿ ಎಲ್ಲರಿಗಿಂತ ಮೊದಲು ಸಾಲಿಗೆ ಹೋಗಿ ಕುಳಿತಿದ್ದಳು. ಅವರ ಮನೆಯ ಟಿವಿ ಹೊಳೆಗೆ ಹೋಯಿತು. ಮಹಾಲಿಂಗ ಒಂದು ವಾರ ತಾಯಿಯ ಸಂಗಡ ಮಾತಾಡಲಿಲ್ಲ.

ಇನ್ನು ನನ್ನ ಸುಳ್ಳು. ಎರಡು ವರ್ಷದ ಹಿಂದೆ ಮುಧೋಳದಲ್ಲಿರುವ ಆಕೆಯ ಮಗಳು ಕಾಲು ಮುರಿದುಕೊಂಡಳು. ಸುಂದರವ್ವ ನಾಲ್ಕು ತಿಂಗಳು ಅಲ್ಲೇ ಇರಬೇಕಾಯಿತು. ನೀರು ಹಾಕಲು ಸೊಸೆ ನಂದಾ ಇದ್ದಳು. ತಿರುವುವ ಕೆಲಸ ನನಗೆ ಬಂತು. ಐದನ್ನು ತಿರುವಿದೆ. ಆರನೆಯದಕ್ಕೆ ಮಹಾಲಿಂಗನನ್ನು ಕರೆಯಬೇಕಿತ್ತು. ಅವನು ಮಗ್ಗ ಬಿಟ್ಟು ಬರಲು ಗೊಣಗುತ್ತಾನೆ, ನನಗೆ ಬೆನ್ನು ನೋವು, ನಾಳೆ ನೋಡಿದರಾಯಿತು ಎಂದುಕೊಂಡೆ. ಆ ನಾಳೆ ಬರಲಿಲ್ಲ. ತಿಂಗಳು ತಿಂಗಳು ಮುಧೋಳದಿಂದ ಫೋನು ಬರುತ್ತಿತ್ತು.

"ಆರೂ ತಿರುವಿದಿಯೇನು ತಮ್ಮಾ?"

"ತಿರುವೀನ್ರಿ ಅಕ್ಕಾರ."

ಹಣ್ಣಿನೊಳಗಿನ ಹುಳಕ್ಕೆ ಅಂಜುವ ನಾನು ಸುಳ್ಳಿಗೆ ಅಂಜಲಿಲ್ಲ.

ಆಕೆ ಮರಳುವ ಹಿಂದಿನ ದಿನ ಹಾರೆ ಹಾಕಿ ನೋಡಿದೆ. ಡ್ರಮ್ಮು ಮಿಸುಕಲಿಲ್ಲ. ನೆಲಕ್ಕೆ ಕೆನ್ನೆ ಹಚ್ಚಿ ಇಣುಕಿದರೆ ಇಟ್ಟಂಗಿಗಳ ನಡುವೆ ಒಂದು ಬೇರು ಇಳಿದಿತ್ತು. ಹೇಳಿಬಿಡಬೇಕೆಂದು ಎರಡು ಸಲ ಗೋಡೆಯ ತನಕ ಹೋಗಿ ವಾಪಸು ಬಂದೆ. ವಿಚಿತ್ರವೆಂದರೆ ಮುಂದಿನ ತಿಂಗಳು ಆಕೆ ಐದು ಡ್ರಮ್ಮು ತಿರುವಿದಳು, ಆರನೆಯದಕ್ಕೆ ನನ್ನನ್ನು ಕರೆಯಲಿಲ್ಲ. ಅದರ ಮುಂದಿನ ತಿಂಗಳೂ ಕರೆಯಲಿಲ್ಲ. ಬೇರು ಕೊಯ್ಯುವ ಚಳಿಗಾಲ ಬಂದಾಗ, "ಮೊಣಕಾಲ ನೋಯತಾವು, ಈ ವರ್ಷ ಬ್ಯಾಡ," ಎಂದಳು. ನಾನು ಕೇಳಲಿಲ್ಲ. ಕೇಳಿದರೆ ನನ್ನದು ಹೊರಗೆ ಬೀಳುತ್ತಿತ್ತು.

ಅಲ್ಲಿಂದ ಹೆದರಿಕೆ ನನಗೂ ಅಂಟಿತು. ಕೊಯ್ನಾದಲ್ಲಿ ಮಳೆಯಾದರೆ ನನಗೆ ಇಲ್ಲಿ ಊಟ ಸೇರುತ್ತಿರಲಿಲ್ಲ. ನೂಲು ತೂಗುತ್ತಾ ತೂಗುತ್ತಾ ಫೋನು ತೆರೆದು ಹಿಪ್ಪರಗಿಯ ಒಳಹರಿವು ನೋಡುತ್ತಿದ್ದೆ. ನೀರು ಬಂದರೆ ಆ ಗಿಡ ಒಯ್ಯಲು ಬರುವುದಿಲ್ಲವೆಂಬುದು ಜಗತ್ತಿನಲ್ಲಿ ನನಗೊಬ್ಬನಿಗೇ ಗೊತ್ತು ಎಂದುಕೊಂಡಿದ್ದೆ. ನನ್ನ ಹೆಂಡತಿ ತ್ರಿಶಲಾ, "ನೀವೂ ಸುಂದರವ್ವ ಆದ್ರಿ ನೋಡ್ರಿ," ಎಂದು ತಮಾಷೆ ಮಾಡಿದಳು. ನನಗೆ ನಗು ಬರಲಿಲ್ಲ.

ಕಳೆದ ಶ್ರಾವಣದಲ್ಲಿ ನೀರು ಬಂತು. ಬೆಳಗ್ಗೆ ಹೊಳೆಯ ಮೆಟ್ಟಿಲು ಮುಳುಗಿದ್ದವು. ಹತ್ತು ಗಂಟೆಗೆ ಮೈಕು ಕಟ್ಟಿಕೊಂಡ ಆಟೋ ಓಣಿ ಖಾಲಿ ಮಾಡಿರೆಂದು ಕೂಗುತ್ತ ಹೋಯಿತು. ಮಹಾಲಿಂಗ ಗೆಳೆಯ ಮುತ್ತಪ್ಪನ ಟೆಂಪೋ ತಂದ. ಐದು ಡ್ರಮ್ಮು ಏರಿದವು. ಆರನೆಯದಕ್ಕೆ ಅವರಿಬ್ಬರೂ ನಾನೂ ಸೇರಿ ಹಾರೆ ಹಾಕಿದೆವು. ಅದು ಮಿಸುಕಲಿಲ್ಲ. ಮಹಾಲಿಂಗ ಬಗ್ಗಿ ನೋಡಿದ.

"ಅವ್ವಾ, ಇದರ ಬೇರ ನೆಲಾ ಹಿಡದೈತಿ. ನನ್ನ ಮುಂಗೈಯಷ್ಟ ಆಗೈತಿ. ಗರಗಸ ಕೊಡು, ಕೊಯ್ದಬಿಡತೇನಿ."

ಗಿಡದ ತುಂಬ ಎಲೆ, ಪ್ರತಿ ಎಲೆಯ ಬುಡಕ್ಕೆ ಕಾಯಿ. ಈಗ ಬೇರು ಕೊಯ್ದರೆ ಸಾಯುತ್ತದೆ. ಬಿಟ್ಟರೆ ನೀರಿನ ಪಾಲು. ಓಣಿಯ ತುದಿಯ ಗಟಾರ ಆಗಲೇ ಹಿಮ್ಮುಖವಾಗಿ ಉಕ್ಕುತ್ತಿತ್ತು. ಇನ್ನು ಬಾಯಿ ಮುಚ್ಚಿಕೊಂಡಿರಲು ನನ್ನಿಂದಾಗಲಿಲ್ಲ.

"ಅಕ್ಕಾರ, ನೀವು ಮುಧೋಳಕ್ಕ ಹ್ವಾದಾಗ ನಾ ಇದನ್ನ ತಿರುವಲಿಲ್ರಿ. ತಿರುವೀನಿ ಅಂತ ಸುಳ್ಳ ಹೇಳಿದೆ. ತಪ್ಪ ನಂದು."

"ಗೊತ್ತೈತಿ," ಅಂದಳು.

ನಾನು ಹಾರೆಯನ್ನು ಕೆಳಗಿಟ್ಟೆ.

"ಬಂದ ದಿನಾನ ಗೊತ್ತಾತು. ಇಟ್ಟಂಗಿ ಸಂದಿನ್ಯಾಗ ಇರಿವಿ ಗೂಡ ಕಟ್ಟಿದ್ದು. ತಿರುವೂ ಡ್ರಮ್ಮಿಗಿ ಇರಿವಿ ಗೂಡ ಕಟ್ಟೂದಿಲ್ಲ. ಕೈ ಹಾಕಿ ನೋಡಿದೆ, ಬೇರ ಕಿರುಬೆರಳಷ್ಟಿತ್ತು. ಕುಡಗೋಲ ತಂದು ಕುಂತೆ. ಕಡೀಲಿಕ್ಕ ಆಗಲಿಲ್ಲ. ಜಲ್ಮಾಪೂರ್ತಿ ನಾ ಅಂಜಿದೆ, ಅದನ್ನೂ ಅಂಜಿಸಿದೆ. ಅದಾದ್ರೂ ನೆಲಾ ಮುಟ್ಟಲಿ ಅಂತ ಬಿಟ್ಟೆ. ನಿನ್ನ ಸುಳ್ಳ ನನಗ ಅನುಕೂಲ ಆತು ತಮ್ಮಾ. ಈಗ ನೋಡು, ನಾನ ಅದನ್ನ ನೀರಾಗ ಕಟ್ಟಿಹಾಕಿದಂಗ ಆತು."

ಮಹಾಲಿಂಗ ಗರಗಸ ತಂದು ತಾಯಿಯ ಕೈಗೆ ಕೊಟ್ಟ. ಆಕೆ ಬಗ್ಗಿ, ಬೇರಿನ ಮೇಲೆ ಅಂಗೈ ಇಟ್ಟಳು. ಗರಗಸದ ಹಲ್ಲು ಇಟ್ಟಂಗಿಗೆ ತಾಗಿ ಕಟಕಟ ಅನ್ನುತ್ತಿದ್ದವು. ಆಮೇಲೆ ಗರಗಸವನ್ನು ನೆಲಕ್ಕಿಟ್ಟು, ಉಟ್ಟು ಬಿಟ್ಟ ಒಂದು ಹಳೆಯ ಇಳಕಲ್ ಸೀರೆ ತರಿಸಿ ಗಿಡದ ಬೊಡ್ಡೆಯನ್ನು ಕಿಟಕಿಯ ಸರಳಿಗೆ ಬಿಗಿದು ಕಟ್ಟಿದಳು. ಟೆಂಪೋ ಹತ್ತಿಸಲು ನಂದಾ ಆಕೆಯ ರಟ್ಟೆ ಹಿಡಿಯಬೇಕಾಯಿತು. ಪ್ರತಿ ಸಲ ಎಲ್ಲರಿಗಿಂತ ಮೊದಲು ಹತ್ತುವವಳು ಈ ಸಲ ಎಲ್ಲರಿಗಿಂತ ಕೊನೆಗೆ ಹತ್ತಿದಳು.

ಸಾಲಿಯಲ್ಲಿ ನಾಲ್ಕು ದಿನ ಇದ್ದೆವು. ವರಾಂಡದಲ್ಲಿ ಐದು ಡ್ರಮ್ಮು, ಅವುಗಳ ನಡುವೆ ಸುಂದರವ್ವ. ಕೊಟ್ಟ ಊಟ ಕೊಟ್ಟಂತೆಯೇ ಇರುತ್ತಿತ್ತು. ಆಲಮಟ್ಟಿಯ ಎತ್ತರ ಇನ್ನೂ ಏರಿಸುತ್ತಾರೆ, ಆಗ ನಮ್ಮ ಊರುಗಳೂ ಹೋಗುತ್ತವೆ ಎಂದು ಅಲ್ಲಿ ಗಂಡಸರು ಗುಂಪು ಕಟ್ಟಿ ಮಾತಾಡುತ್ತಿದ್ದರು. ಅದು ಆಕೆಯ ಕಿವಿಗೆ ಬೀಳದಿರಲೆಂದು ನಾನು ಅಡ್ಡ ಕೂಡುತ್ತಿದ್ದೆ. ಆದರೂ ಬಿತ್ತು. ಎರಡನೆಯ ಸಂಜೆ ಆಕೆ ನನ್ನ ತೋಳು ಹಿಡಿದಳು. ಬೆರಳು ತಣ್ಣಗಿದ್ದವು.

"ತಮ್ಮಾ, ಇದು ಹೋಗೂ ನೀರ ಹೌದಲ್ಲೋ? ನಿಲ್ಲೂ ನೀರ ಅಲ್ಲಲ್ಲಾ?"

"ಹೋಗೂ ನೀರ್ರೀ ಅಕ್ಕಾರ," ಅಂದೆ. ಅದು ಖರೆಯೋ ಸುಳ್ಳೋ ಆಗ ನನಗೂ ಗೊತ್ತಿರಲಿಲ್ಲ. ಹಗಲೆಲ್ಲ ಫೋನಿನಲ್ಲಿ ಅಂಕಿ ಏರುತ್ತಲೇ ಇತ್ತು.

ಐದನೆಯ ದಿನ ನೀರು ಇಳಿಯಿತು. ಓಣಿಯಲ್ಲಿ ಮೊಣಕಾಲುದ್ದ ರಾಡಿ. ನಮ್ಮ ನಡುವಿನ ಗೋಡೆ ಬಿದ್ದು ಹೋಗಿತ್ತು, ಹಾಗಾಗಿ ಮೊದಲು ನೋಡಿದವನು ನಾನೇ. ಡ್ರಮ್ಮು ಇದ್ದಲ್ಲೇ ಇತ್ತು. ಗಿಡ ಓರೆಯಾಗಿ, ಸೀರೆಯನ್ನು ಜಗ್ಗಿಕೊಂಡು ನಿಂತಿತ್ತು. ಕಾಯಿ ಒಂದೂ ಉಳಿದಿರಲಿಲ್ಲ. ಸುಂದರವ್ವ ಬಂದವಳೇ ತಂಬಿಗೆಯಲ್ಲಿ ನೀರು ತಂದು ಎಲೆ ಎಲೆ ತೊಳೆದಳು. ತೊಳೆದ ಎಲೆಗಳೂ ವಾರದೊಳಗೆ ಹಳದಿಯಾಗಿ ಬಿದ್ದವು. ಬರೀ ಕೋಲು ನಿಂತಿತು. ಆಮೇಲೆ ಹನ್ನೆರಡು ದಿನ ಆಕೆ ಹಿತ್ತಲಿಗೆ ಬರಲಿಲ್ಲ. ನೋಡಲಾರೆ ಎಂದು ನಂದಾಳ ಮುಂದೆ ಅತ್ತಳಂತೆ. ನಾನೇ ದಿನಾ ಹೋಗಿ ಉಗುರಿನಿಂದ ತೊಗಟೆ ಕೆರೆದು ಹಸಿರಿದೆಯೇ ಎಂದು ನೋಡುತ್ತಿದ್ದೆ. ಕೆರೆಯುವ ಮುನ್ನ ಪ್ರತಿ ಸಲ ಣಮೋಕಾರ ಮಂತ್ರ ಹೇಳಿಕೊಂಡೆ, ನಾಚಿಕೆಯೇನೂ ಇಲ್ಲ.

ಹದಿಮೂರನೆಯ ದಿನ ತುದಿಯಲ್ಲಿ ಅಕ್ಕಿಕಾಳಷ್ಟು ಚಿಗುರು ಕಂಡಿತು. ಕರೆದೆ. ಆಕೆ ಬಂದು ಬಹಳ ಹೊತ್ತು ನೋಡಿ, "ಗರಗಸ ತಾ ತಮ್ಮಾ," ಅಂದಳು.

ನನಗೆ ಗಾಬರಿಯಾಯಿತು. "ಈಗ ಯಾಕ್ರಿ ಬೇರ ಕೊಯ್ಯೂದು?"

"ಬೇರಲ್ಲ. ಡ್ರಮ್ಮ ಸೀಳು."

ಮೇಲಿನಿಂದ ಕೆಳಗೆ ಎರಡು ಕಡೆ ಸೀಳಿದೆ. ನೀಲಿ ಪ್ಲಾಸ್ಟಿಕ್ಕು ಎರಡು ಹೋಳಾಗಿ ಬಿತ್ತು. ಮಣ್ಣು ಮಾತ್ರ ಡ್ರಮ್ಮಿನ ಆಕಾರದಲ್ಲೇ ನಿಂತಿತು, ಸುತ್ತಲೂ ಬೇರು ಸುತ್ತಿಕೊಂಡು. ಆಕೆ ಕುಕ್ಕರಗಾಲಲ್ಲಿ ಕುಳಿತು ಆ ಬೇರುಗಳನ್ನು ಒಂದೊಂದಾಗಿ ಬಿಡಿಸಿ ನೆಲದ ಕಡೆ ಚಾಚಿದಳು. ಇಬ್ಬರೂ ಸೇರಿ ಬಿದ್ದ ಗೋಡೆಯ ಮಣ್ಣನ್ನು ತಂದು ಸುತ್ತ ಏರಿಸಿದೆವು.

"ಇನ್ನ ಇದನ್ನ ಒಯ್ಯಾಕ ಬರೂದಿಲ್ರಿ ಅಕ್ಕಾರ," ಅಂದೆ.

"ಗೊತ್ತೈತಿ."

"ಅಂಜಿಕಿ ಆಗೂದಿಲ್ಲೇನ್ರಿ?"

"ಆಗತೈತಿ," ಅಂದಳು. "ಮೊದಲಿಗಿಂತ ಹೆಚ್ಚ ಆಗತೈತಿ." ಆಮೇಲೆ ಎದ್ದು ಹೋಗಿ, ಸಾಲಿಯಿಂದ ಮರಳಿ ಬಂದಿದ್ದ ಉಳಿದ ಐದು ಡ್ರಮ್ಮುಗಳನ್ನು ಕಾಲು ಕಾಲು ಸುತ್ತು ತಿರುವಿದಳು.

ಮರುದಿನ ಬೆಳಗ್ಗೆ ಆಕೆ ನಮ್ಮ ಕಟ್ಟೆಗೆ ಬಂದು ಕುಳಿತಾಗ ನಾನು ಆಗಲೇ ಫೋನು ತೆರೆದು ಹಿಡಿದಿದ್ದೆ.