ಹೆಂಡದ ದಾಯಾದಿ

ನಮ್ಮಜ್ಜಿಗೆ ಹೆಂಡದ ಮೇಲಿದ್ದ ಸಿಟ್ಟು ಅಷ್ಟಿಷ್ಟಲ್ಲ. ಅದು ತಾತನನ್ನು ನಡುವಯಸ್ಸಿಗೇ ತಿಂದು ಹಾಕಿತ್ತು. ಇನ್ನು ಅದರ ವಾಸನೆಯೂ ಹೊಸಿಲು ದಾಟಕೂಡದು ಅಂತ ಮನೆದೇವರ ಮುಂದೆ ಆಣೆ ಮಾಡಿದ್ದಳು. ಕುಡಿದು ಬಂದ ನೆಂಟರಿಗೆ ಅಂಗಳದಲ್ಲೇ ಮುದ್ದೆ. ಬಂಗಾರಪೇಟೆ ಪಕ್ಕದ ನಮ್ಮೂರಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ.

ತೊಂಬತ್ತರ ದಶಕದ ಶುರುವಿನಲ್ಲಿ ಅಜ್ಜಿಗೆ ಭೇದಿ ಹತ್ತಿಕೊಂಡಿತು. ಮಾತ್ರೆ ನುಂಗಿದರೆ ನಿಲ್ಲುತ್ತಿತ್ತು, ತಿಂಗಳಾಗುವಷ್ಟರಲ್ಲಿ ಮತ್ತೆ ಬರುತ್ತಿತ್ತು. ಹಸು ಕರೆದು ಡೇರಿಗೆ ಹಾಲು ಹೊರುತ್ತಿದ್ದವಳು ಗೋಡೆ ಹಿಡಿದು ನಡೆಯುವ ಹಾಗಾದಳು. ತಾಯಿಯಿಲ್ಲದ ನನ್ನನ್ನು ಸಾಕಿದವಳು ಅವಳೇ. ಇವಳೂ ಹೋದರೆ ನನಗಾರು ಗತಿ ಅಂತ ಜೀವ ಹೊಡೆದುಕೊಳ್ಳುತ್ತಿತ್ತು. ನಾನಾಗ ರಾಬರ್ಟ್‌ಸನ್‌ಪೇಟೆಯ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಬೈದು, ಗದರಿಸಿ, ರೈಲು ಹತ್ತಿಸಿ ಅಲ್ಲಿನ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ.

ಕಣ್ಣಿಗೆ ಕಾಣದ ಕ್ರಿಮಿಗಳು ಕರುಳಿಗೆ ಕಚ್ಚಿಕೊಂಡಿವೆ ಅಂದರು ಡಾಕ್ಟರಮ್ಮ. ಮಾತ್ರೆಯ ಜೊತೆ ಪುಡಿಯ ಪೊಟ್ಟಣಗಳನ್ನೂ ಕೊಟ್ಟರು. ಅದು ಯೀಸ್ಟ್ ಅಂತೆ, ಜೀವ ಇರುವ ಪುಡಿ. ಕ್ರಿಮಿಗಳು ಮತ್ತೆ ಕರುಳಿಗೆ ಅಂಟದ ಹಾಗೆ ಅಡ್ಡ ಬಂದರೂ ಬರಬಹುದು, ಖಂಡಿತ ಅಂತ ಹೇಳಲಾರೆ, ಮಾತ್ರೆಯನ್ನಂತೂ ಬಿಡಬೇಡಿ ಅಂದರು. ಅಜ್ಜಿ ಒಂದು ಪೊಟ್ಟಣ ಹರಿದು ಮೂಸಿದಳು. ಮುಖ ಕಪ್ಪಿಟ್ಟಿತು.

"ಇದು ಎಂಡ ಕಣಮ್ಮ."

ಆ ಪುಣ್ಯಾತ್ಗಿತ್ತಿ ಒಂದು ಸುಳ್ಳಾದರೂ ಹೇಳಬಾರದಿತ್ತೇ? ಹೆಂಡ ಹುಳಿ ಬರಿಸೋದೂ ಇಂಥದ್ದೇ, ಇದು ಅದರ ದಾಯಾದಿ, ಆದರೆ ಅಮಲಿಲ್ಲ ಅಂದುಬಿಟ್ಟರು. ಮುಗಿಯಿತು ಕಥೆ. ಮಾತ್ರೆ ನುಂಗುತ್ತೀನಿ, ಇದನ್ನು ಸತ್ತರೂ ಮುಟ್ಟಲ್ಲ ಅಂತ ಅಜ್ಜಿ ಎದ್ದಳು.

ನಮ್ಮ ಕಡೆ ರೈಲು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ಲೋ ಕರ್ಚೀಫೋ ಎಸೆದು ಸೀಟು ಹಿಡಿಯಬೇಕು. ವಾಪಸು ಬರುವಾಗ ಉರಿಗಾಂ ಸ್ಟೇಷನ್ನಿನಲ್ಲಿ ನಾನು ಅಜ್ಜಿಯ ಸೊಂಟದ ಎಲೆಅಡಿಕೆ ಚೀಲ ಕಿತ್ತು ಒಳಗೆಸೆದೆ. ಹತ್ತಿ ನೋಡಿದರೆ ದಢೂತಿ ಆಸಾಮಿಯೊಬ್ಬ ಆ ಚೀಲ ನೋಡಿ, ತಮಿಳಿನಲ್ಲಿ ಏನೋ ಗೊಣಗುತ್ತಾ ನಿಂತೇ ಇದ್ದ. ಅಜ್ಜಿ ಠೀವಿಯಿಂದ ಕೂತಳು.

"ನೋಡಜ್ಜಿ, ಅಂಥ ಆಳೇ ನಿನ್ ಚೀಲ ನೋಡಿ ಕೂತ್ಕೊಳ್ಳಿಲ್ಲ," ಅಂದೆ. "ಆ ಪುಡೀನೂ ಅಷ್ಟೇ. ಮೊದ್ಲು ಓಗಿ ಸೀಟು ಇಡ್ಕೊಂತದೆ."

"ಆಗ್ಲೇ ಕೂತಿರೋರ್ನ ಏನ್ ಮಾಡ್ತೀಯ?"

"ಅವ್ರನ್ನ ಇಳ್ಸಾಕೆ ಮಾತ್ರೆ ಐತಲ್ಲ, ಟೀಸಿ ತರ."

ಅಜ್ಜಿ ಬಾಯ್ತುಂಬ ನಕ್ಕಳು. ನಕ್ಕಳೇ ಹೊರತು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಬಂಗಾರಪೇಟೆ ಪ್ಲಾಟ್‌ಫಾರ್ಮಿನಲ್ಲಿ ನನಗೆ ರೇಗಿ, ಸಾಯಿ ಹಾಗಾದರೆ ಅಂತ ಕೂಗಿದೆ. ಕೂಗಿ ನಾನೇ ಅತ್ತೆ. ಅಜ್ಜಿ ಸೆರಗಿನಿಂದ ನನ್ನ ಮೂಗು ಒರೆಸಿದಳು. ಮನೆ ಮುಟ್ಟಿದ ಮೇಲೆ, ಆಣೆ ಮುರಿಯಬಾರದಲ್ಲ ಅಂತ ಪೊಟ್ಟಣಗಳನ್ನು ಕೊಟ್ಟಿಗೆಯ ಸೂರಿಗೆ ಸಿಕ್ಕಿಸಿ ಒಳಗೆ ಹೋದೆ.

ಬೆಳಿಗ್ಗೆ ಎದ್ದು ನೋಡಿದರೆ ಅಜ್ಜಿ ಮಜ್ಜಿಗೆ ಲೋಟ ಹಿಡಿದು ಅಂಗಳದಲ್ಲಿ ಕೂತಿದ್ದಾಳೆ, ಕುಡುಕ ನೆಂಟರು ಕೂರುವ ಜಾಗದಲ್ಲೇ. ಅದನ್ನ ಇಲ್ಲೇ ಕಲಸು, ಒಳಕ್ಕೆ ತರಬೇಡ ಅಂದಳು. ಕಣ್ಣು ಮುಚ್ಚಿ ಗಟಗಟ ಕುಡಿದಳು. ಆಮೇಲೆ ದಿನಾ ಹಾಗೇ.

ಭೇದಿ ನಿಂತಿತು, ಮತ್ತೆ ಬರಲಿಲ್ಲ. ಮಾತ್ರೆಯಿಂದಲೋ ಪುಡಿಯಿಂದಲೋ ಆ ದೇವರೇ ಬಲ್ಲ. ಕೊನೆಯ ಪೊಟ್ಟಣ ಮುಗಿದ ದಿನ ಅಜ್ಜಿ ಬಾಯಿ ಮುಕ್ಕಳಿಸಿ, ಕಾಲು ತೊಳೆದು ಒಳಗೆ ಬಂದು ತಾತನ ಫೋಟೋ ಮುಂದೆ ನಿಂತಳು.

"ನೀನೂ ಇಷ್ಟಕ್ಕೇ ನಿಲ್ಸಿದ್ರೆ ಇವತ್ತು ಇರ್ತಿದ್ದಲ್ಲ," ಅಂದಳು.